ಯುಎಕ್ಸ್ ಡಿಸೈನ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜು ಹುಡುಗ ಹುಡುಗಿಯರು, ಅಂಗಡಿಗೆ ವೆಬ್‌ಸೈಟ್ ಮಾಡಿಸಲು ಹೊರಟವರು, ಕೋಡಿಂಗ್ ಬಿಟ್ಟು ಡಿಸೈನ್ ಕಡೆ ಬರಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉದಾಹರಣೆಗೆ ಇಳಕಲ್ ಸೀರೆ ಮಾರುವ ಒಂದು ವೆಬ್‌ಸೈಟ್ ಇಟ್ಟುಕೊಂಡಿದ್ದೇವೆ. ಅಂಥ ಅಂಗಡಿಯೊಂದು ಇದೆ ಅಂದುಕೊಳ್ಳಿ. ಕೆಲವು ಉತ್ತರ ಉದ್ದ ಇವೆ, ಕೆಲವಕ್ಕೆ ನಾಲ್ಕು ಸಾಲು ಸಾಕು.

ಯುಎಕ್ಸ್ ಅಂದರೆ ಏನು?

ಒಬ್ಬರು ಏನೋ ಕೆಲಸ ಇಟ್ಟುಕೊಂಡು ನಿಮ್ಮ ಹತ್ತಿರ ಬರುತ್ತಾರೆ. ಬಂದಾಗಿನಿಂದ ಆ ಕೆಲಸ ಮುಗಿಯುವ ತನಕ ಅವರಿಗೆ ಆಗುವ ಅನುಭವವೆಲ್ಲ ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯನ್ಸ್, ಬಳಸುವವರ ಅನುಭವ). ಸ್ಕ್ರೀನ್ ಅದರಲ್ಲಿ ಒಂದು ಭಾಗ, ಅಷ್ಟೇ. ಸೀರೆಯ ಫೋಟೋ ಚೆನ್ನಾಗಿದೆ, ಹಣ ಕಟ್ಟುವುದೂ ಸಲೀಸು. ಆದರೆ ಮನೆಗೆ ಬಂದ ಸೀರೆಯ ಬಣ್ಣ ಬೇರೆ. ವಾಪಸ್ ಕಳಿಸೋಣ ಅಂತ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ. ಅಂದಮೇಲೆ ಯುಎಕ್ಸ್ ಕೆಟ್ಟಂತೆಯೇ, ವೆಬ್‌ಸೈಟ್ ಎಷ್ಟೇ ಚಂದ ಇರಲಿ.

ಡಿಸೈನ್ ತಜ್ಞ ಡಾನ್ ನಾರ್ಮನ್ 1993ರಲ್ಲಿ ಆ್ಯಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಗೆ ‘ಯೂಸರ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್’ ಅಂತ ಹೆಸರಿಟ್ಟುಕೊಂಡರು. ಈ ಮಾತು ಎಲ್ಲರ ಬಾಯಿಗೆ ಬಂದಿದ್ದು ಆಮೇಲೆ. ಸ್ಕ್ರೀನ್ ಮೇಲೆ ಕಾಣುವುದಷ್ಟೇ ತಮ್ಮ ಕೆಲಸ ಅಲ್ಲ ಅನ್ನುವುದು ಅವರ ವಾದವಾಗಿತ್ತು.

ಹಾಗಾದರೆ ಯುಐ ಬೇರೆ, ಯುಎಕ್ಸ್ ಬೇರೆನಾ?

ಯುಐ (ಯೂಸರ್ ಇಂಟರ್‌ಫೇಸ್) ಅಂದರೆ ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು. ಬಟನ್, ಬಣ್ಣ, ಅಕ್ಷರ, ಮೆನು. ಅದು ಯುಎಕ್ಸ್ ಒಳಗಿನ ಒಂದು ಭಾಗ. ಕೆಲಸದ ಜಾಹೀರಾತಿನಲ್ಲಿ ಎರಡನ್ನೂ ಒಟ್ಟಿಗೆ ಬರೆಯುತ್ತಾರೆ, ಸಣ್ಣ ಕಂಪನಿಗಳಲ್ಲಿ ಒಬ್ಬರೇ ಎರಡನ್ನೂ ಮಾಡುತ್ತಾರೆ. ಇದರ ಬಗ್ಗೆ ಜಗಳ ಆಡುತ್ತ ಕೂರುವುದರಿಂದ ಏನೂ ಸಿಗಲ್ಲ.

ನಮ್ಮ ಆ್ಯಪ್ ಎಲ್ಲರಿಗೂ. ಬಳಸುವವರು ಯಾರು ಅಂತ ಬೇರೆ ಹುಡುಕಬೇಕಾ?

ಹುಡುಕಬೇಕು. ಇಳಕಲ್ ಸೀರೆಯನ್ನು ಬಾಗಲಕೋಟೆ ಜಿಲ್ಲೆಯ ಹಳ್ಳಿಯ ಅಜ್ಜಿಯೂ ಉಡುತ್ತಾರೆ, ಪುಣೆಯ ಐಟಿ ಕಂಪನಿಯ ಹುಡುಗಿಯೂ ಉಡುತ್ತಾಳೆ. ಅಜ್ಜಿಗೆ ಒಂಬತ್ತು ವಾರಿ ಸೀರೆ ಬೇಕು. ಫೋನ್ ಮಾತ್ರ ಮೊಮ್ಮಗನ ಕೈಯಲ್ಲಿರುತ್ತದೆ. ಅಂದರೆ ಉಡುವವರು ಒಬ್ಬರು, ಒತ್ತುವವರು ಇನ್ನೊಬ್ಬರು. ಪುಣೆಯ ಹುಡುಗಿಗೆ ಇದು ಕೈಮಗ್ಗದ್ದೋ ಪವರ್‌ಲೂಮ್‌ನದ್ದೋ ಅನ್ನುವುದು ಮುಖ್ಯ. ಇಬ್ಬರಿಗೂ ಒಂದೇ ವೆಬ್‌ಸೈಟ್ ಆಗಬಹುದು. ಆದರೆ ಇಬ್ಬರೂ ಏನು ಹುಡುಕುತ್ತ ಬರುತ್ತಾರೆ ಅಂತ ಮೊದಲೇ ಗೊತ್ತಿರಬೇಕು, ಅಲ್ವಾ? ‘ಎಲ್ಲರಿಗೂ’ ಅಂತ ಹೊರಟವರು ಕೊನೆಗೆ ತಮಗೆ ತಾವೇ ಡಿಸೈನ್ ಮಾಡಿಕೊಂಡಿರುತ್ತಾರೆ.

ಬಳಕೆದಾರರನ್ನು ಭೇಟಿಯಾದಾಗ ಏನು ಕೇಳಬೇಕು?

‘ಈ ಆ್ಯಪ್ ಹೇಗಿದೆ?’ ಅಂತ ಮಾತ್ರ ಕೇಳಬೇಡಿ. ನಮ್ಮ ಕಡೆ ಅದಕ್ಕೆ ಒಂದೇ ಉತ್ತರ: “ಭಾರಿ ಐತ್ರಿ, ಚಲೋ ಮಾಡೀರಿ.” ಮನೆಗೆ ಬಂದವರ ಮನಸ್ಸು ನೋಯಿಸಬಾರದು ಅಂತ ಹೇಳುವ ಮಾತು ಅದು. ಅದನ್ನು ಬರೆದುಕೊಂಡು ಬಂದರೆ ನಿಮಗೆ ಸಿಕ್ಕಿದ್ದು ಸೌಜನ್ಯ, ಮಾಹಿತಿ ಅಲ್ಲ. ‘ಇಂಥದ್ದೊಂದು ಸೌಲಭ್ಯ ಇದ್ದರೆ ಬಳಸ್ತೀರಾ?’ ಅನ್ನುವುದೂ ಅಷ್ಟೇ. ಮುಂದೆ ಮಾಡುತ್ತೇನೆ ಅಂತ ಹೇಳಲು ಯಾರಿಗೂ ಖರ್ಚಿಲ್ಲ.

ಆಗಿಹೋದದ್ದನ್ನು ಕೇಳಿ. “ಹೋದ ಸಲ ಸೀರೆ ತಗೊಂಡಿದ್ದು ಯಾವಾಗ? ಯಾರ ಜೊತೆ ಹೋಗಿದ್ರಿ? ಎಲ್ಲಿ ತಡ ಆಯ್ತು? ಬೇಡ ಅಂತ ಬಿಟ್ಟು ಬಂದಿದ್ದು ಯಾವುದು, ಯಾಕೆ?” ಕೇಳಿ ಸುಮ್ಮನಿರಿ. ಮಧ್ಯೆ ಬಾಯಿ ಹಾಕಬೇಡಿ.

ಅದಕ್ಕಿಂತ ಒಳ್ಳೆಯದು ಒಂದು ಕೆಲಸ ಕೊಟ್ಟು ನೋಡುವುದು. ಫೋನ್ ಅವರ ಕೈಗೆ ಕೊಟ್ಟು, “ಅಕ್ಕಾರ, ಈ ಹಸಿರು ಸೀರೆ ನಿಮ್ಮ ಮನಿಗೆ ತರಿಸ್ಕೊಳ್ರಿ” ಅಂತ ಹೇಳಿ ಪಕ್ಕಕ್ಕೆ ಕೂತುಬಿಡಿ. ಇಂಥ ಒಂದು ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿ ನಡೆದಿತ್ತು, ಮೊಬೈಲ್ ನಂಬರ್ ಹಾಕುವ ತನಕ. ಫೋನ್ ತಾನಾಗಿಯೇ ನಂಬರ್ ತುಂಬಿಕೊಟ್ಟಿತು, ಮುಂದೆ +91 ಸೇರಿಸಿ. ಆ ಜಾಗದಲ್ಲಿ ಹತ್ತೇ ಅಕ್ಷರಕ್ಕೆ ಅವಕಾಶ. ನಂಬರಿನ ಕೊನೆಯ ಮೂರು ಅಂಕಿ ಸದ್ದಿಲ್ಲದೆ ಮಾಯ. ಕೆಂಪು ಅಕ್ಷರದಲ್ಲಿ ‘ತಪ್ಪು ಸಂಖ್ಯೆ’ ಅಂತ ಬಂತು. ಆ ಅಕ್ಕ ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ತಮ್ಮ ನಂಬರನ್ನು ಬಾಯಲ್ಲಿ ಹೇಳಿಕೊಂಡರು. ಆಮೇಲೆ “ನನಗ ಬರಂಗಿಲ್ಲ ಬಿಡ್ರಿ” ಅಂತ ಫೋನ್ ವಾಪಸ್ ಕೊಟ್ಟರು. ‘ವೆಬ್‌ಸೈಟ್ ಸರಿಯಿಲ್ಲ’ ಅನ್ನಲಿಲ್ಲ. ಈ ಕಾರಣಕ್ಕೇ ಕೇಳುವುದಕ್ಕಿಂತ ನೋಡುವುದು ಮೇಲು. ತಪ್ಪು ಸ್ಕ್ರೀನಿನದ್ದು ಇದ್ದರೂ ಜನ ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ, ನಿಮಗೆ ಅದು ಗೊತ್ತೇ ಆಗುವುದಿಲ್ಲ.

ಎಷ್ಟು ಜನರ ಹತ್ತಿರ ಪರೀಕ್ಷೆ ಮಾಡಬೇಕು?

ಐದು ಜನ ಸಾಕು ಅಂತ ಯುಎಕ್ಸ್ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದರು. ಐವರನ್ನು ನೋಡಿದರೆ ಸುಮಾರು ಶೇ. 85ರಷ್ಟು ತೊಂದರೆಗಳು ಸಿಗುತ್ತವೆ ಅನ್ನುವುದು ಅವರ ಲೆಕ್ಕ. ಈ ಮಾತನ್ನು ಜನ ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಐವರನ್ನು ನೋಡಿ, ಸರಿಪಡಿಸಿ, ಮತ್ತೆ ಐವರನ್ನು ನೋಡಿ ಅಂತ ಅವರು ಹೇಳಿದ್ದು. ಬಳಸುವವರು ಎರಡು ಥರ ಇದ್ದರೆ ಎರಡೂ ಥರದವರನ್ನು ಬೇರೆ ಬೇರೆಯಾಗಿ ನೋಡಬೇಕು. ಐವರೂ ನಿಮ್ಮ ಹಾಸ್ಟೆಲ್ ರೂಮಿನವರೇ ಆದರೆ ಅದು ಪರೀಕ್ಷೆ ಅಲ್ಲ.

ಮೆನುವಿನಲ್ಲಿ ಏನೇನು ಇಡಬೇಕು, ಹೇಗೆ ಗೊತ್ತಾಗುತ್ತದೆ?

ಇದಕ್ಕೆ ಇನ್‌ಫರ್ಮೇಷನ್ ಆರ್ಕಿಟೆಕ್ಚರ್ ಅನ್ನುತ್ತಾರೆ. ಯಾವುದನ್ನು ಯಾವುದರ ಜೊತೆ ಇಡಬೇಕು, ಅದಕ್ಕೆ ಏನು ಹೆಸರು ಕೊಡಬೇಕು ಅನ್ನುವ ಕೆಲಸ.

ಅಂಗಡಿಯವರನ್ನು ಕೇಳಿದರೆ ಅವರ ಕಪಾಟು ಇರುವ ಹಾಗೆ ಹೇಳುತ್ತಾರೆ: ರೇಷ್ಮೆ, ಹತ್ತಿ, ಅರೆ ರೇಷ್ಮೆ, ಆಮೇಲೆ ಗೋಮಿ ದಡಿ, ಗಾಡಿ ದಡಿ, ಚಿಕ್ಕಿ ದಡಿ. ನೇಯುವವರು, ಮಾರುವವರು ಮಾಲನ್ನು ಗುರುತಿಸುವುದೇ ಹಾಗೆ. ಕೊಳ್ಳುವವರು ಬೇರೆ ಥರ ಯೋಚಿಸುತ್ತಾರೆ. ಮದುವೆಗೆ ಕೊಡಲು, ಕುಬಸಕ್ಕೆ, ದಿನಾ ಉಡಲು, ಅತ್ತೆಗೆ. ಅದರ ಮೇಲೆ ‘ಎರಡು ಸಾವಿರದ ಒಳಗೆ’.

ಇದನ್ನು ತಿಳಿಯಲು ಒಂದು ಅಗ್ಗದ ದಾರಿ ಇದೆ, ಕಾರ್ಡ್ ಸಾರ್ಟಿಂಗ್. ಮದುವೆ ಕಾರ್ಡಿನ ಹಿಂದಿನ ಖಾಲಿ ಬದಿ ಆದರೂ ಸಾಕು. ಒಂದೊಂದರ ಮೇಲೆ ಒಂದೊಂದು ಸೀರೆಯ ಹೆಸರು ಬರೆಯಿರಿ, ಚಿಕ್ಕ ಫೋಟೋ ಅಂಟಿಸಿ. ಗಿರಾಕಿಗಳ ಕೈಗೆ ಕೊಟ್ಟು, “ನಿಮಗೆ ಹೇಗೆ ತೋಚುತ್ತೋ ಹಾಗೆ ಗುಂಪು ಮಾಡಿ, ಗುಂಪಿಗೊಂದು ಹೆಸರಿಡಿ” ಅನ್ನಿ. ಗುಂಪು ಮಾಡುವಾಗ ಅವರು ಆಡುವ ಮಾತು ಕಿವಿಗೊಟ್ಟು ಕೇಳಿ. ಗುಳೇದಗುಡ್ಡದ ಖಣ ಎಲ್ಲಿ ಹೋಗಬೇಕು ಅಂತ ಅಂಗಡಿಯವರು ‘ಬ್ಲೌಸ್ ಪೀಸ್’ ಕಪಾಟು ತೋರಿಸುತ್ತಾರೆ. ಗಿರಾಕಿಗಳು ಖಣದ ಕಾರ್ಡನ್ನು ಇಳಕಲ್ ಸೀರೆಯ ಕಾರ್ಡಿನ ಪಕ್ಕದಲ್ಲೇ ಇಡುತ್ತಾರೆ, ಯಾಕೆಂದರೆ ಅವೆರಡೂ ಜೋಡಿ. ಹಾಗಾದರೆ ಸೀರೆಯ ಪುಟದಲ್ಲೇ ಅದಕ್ಕೆ ಒಪ್ಪುವ ಖಣ ತೋರಿಸಬೇಕು. ಈ ನಿರ್ಧಾರ ಮೀಟಿಂಗ್‌ನಲ್ಲಿ ಹುಟ್ಟುವಂಥದ್ದಲ್ಲ.

ದಡಿಯ ಹೆಸರುಗಳನ್ನು ತೆಗೆದುಹಾಕಬೇಕಾ? ಬೇಡ. ಗೊತ್ತಿದ್ದವರಿಗೆ ಫಿಲ್ಟರ್ ಆಗಿ ಇರಲಿ, ಪಕ್ಕದಲ್ಲಿ ದಡಿಯ ಹತ್ತಿರದ ಫೋಟೋ ಇರಲಿ. ಉದ್ದವನ್ನು ಮೀಟರ್ ಜೊತೆಗೆ ವಾರಿಯಲ್ಲೂ ಹಾಕಿ.

ಮೆನುವಿನಲ್ಲಿ ಏಳಕ್ಕಿಂತ ಹೆಚ್ಚು ಇರಬಾರದಂತೆ, ಹೌದಾ?

ಅಲ್ಲ. ಈ ಏಳು ಬಂದಿದ್ದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಪ್ರಬಂಧದಿಂದ. ಅದು ಮನುಷ್ಯ ಒಮ್ಮೆಗೆ ಎಷ್ಟನ್ನು ನೆನಪಿನಲ್ಲಿ ಹಿಡಿಯಬಲ್ಲ ಅನ್ನುವುದರ ಬಗ್ಗೆ. ಮೆನು ಕಣ್ಣ ಮುಂದೆಯೇ ಇರುತ್ತದೆ, ನೆನಪಿಡುವ ಮಾತೇ ಇಲ್ಲ. ಇನ್ನೊಂದು ಕಡೆ ಈ ಪಾಠ ಉಪಯೋಗಕ್ಕೆ ಬರುತ್ತದೆ. ಒಂದು ಪುಟದಲ್ಲಿ ಕೊಟ್ಟ ಆರ್ಡರ್ ನಂಬರನ್ನು ಇನ್ನೊಂದು ಪುಟದಲ್ಲಿ ನೆನಪಿನಿಂದ ಬರೆಯಿಸಬೇಡಿ.

ಸರ್ಚ್ ಬಾಕ್ಸ್ ಇಟ್ಟರೆ ಸಾಕಲ್ವಾ? ಬೇಕಾದವರು ಹುಡುಕಿಕೊಳ್ಳುತ್ತಾರೆ.

ಸಾಲದು. ನಮ್ಮ ಊರುಗಳ ಹೆಸರನ್ನೇ ತಗೊಳ್ಳಿ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಲ್ಗಾಮ್ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಆದರೆ ರೈಲ್ವೆ ಕೋಡ್ ಈಗಲೂ ಬೆಳಗಾವಿಗೆ ಬಿಜಿಎಂ, ವಿಜಯಪುರಕ್ಕೆ ಬಿಜೆಪಿ. ಜನರ ಬಾಯಲ್ಲಿ ಎರಡೂ ಇವೆ. ಮರಾಠಿ ಮನೆಮಾತಿನವರು ‘ಬೇಳಗಾವ್’ ಅಂತ ಟೈಪ್ ಮಾಡುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬೊಬ್ಬರದು ಒಂದೊಂದು ಸ್ಪೆಲಿಂಗ್. ನಿಮ್ಮ ಸರ್ಚ್‌ಗೆ ಇದಷ್ಟೂ ಒಂದೇ ಊರು ಅಂತ ಗೊತ್ತಿರಬೇಕು.

ಇದರ ಉಲ್ಟಾ ತೊಂದರೆಯೂ ಇದೆ. ವಿಜಯಪುರ ಅನ್ನುವ ಊರು ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲೂ ಇದೆ. ಬಿಜಾಪುರ ಅನ್ನುವ ಜಿಲ್ಲೆ ಛತ್ತೀಸಗಡದಲ್ಲೂ ಇದೆ. ಪಟ್ಟಿಯಲ್ಲಿ ಬರೀ ಹೆಸರು ತೋರಿಸಿದರೆ ಪಾರ್ಸಲ್ ಎಲ್ಲಿಗೋ ಹೋದೀತು. ಹೆಸರಿನ ಕೆಳಗೆ ಜಿಲ್ಲೆ, ರಾಜ್ಯ ಸಣ್ಣಗೆ ಹಾಕಿ. ಏನೂ ಸಿಗದಿದ್ದಾಗ ‘ಫಲಿತಾಂಶಗಳಿಲ್ಲ’ ಅಂತ ಬಾಗಿಲು ಹಾಕಬೇಡಿ, ಹತ್ತಿರದ್ದೇನಿದೆಯೋ ಅದನ್ನು ತೋರಿಸಿ.

ಫೀಡ್‌ಬ್ಯಾಕ್ ಅಂತಾರಲ್ಲ, ಅದು ಏನು?

ಬಳಸುವವರು ಏನಾದರೂ ಮಾಡಿದ ಕೂಡಲೇ ‘ಆಯಿತು’ ಅಥವಾ ‘ಆಗುತ್ತಿದೆ’ ಅಥವಾ ‘ಆಗಲಿಲ್ಲ’ ಅಂತ ತಿಳಿಸುವುದು. ಬೆಳಗಾವಿಯ ಖಡೇ ಬಜಾರಿನಲ್ಲಿ ಸಂಜೆ ಹೊತ್ತು ನಿಂತು ನೋಡಿ. ಅಂಗಡಿಯವರ ಎರಡೂ ಕೈಯಲ್ಲಿ ಮಾಲು, ಎದುರಿಗೆ ಗದ್ದಲ. ಫೋನ್ ತೆಗೆದು ಮೆಸೇಜ್ ನೋಡುವ ಪುರುಸೊತ್ತಿಲ್ಲ. ಪಕ್ಕದ ಸೌಂಡ್‌ಬಾಕ್ಸ್ ಇಷ್ಟು ರೂಪಾಯಿ ಬಂತು ಅಂತ ಕೂಗಿದರೆ ಅವರು ತಲೆಯೆತ್ತದೆ ಚೀಲ ಮುಂದೆ ಚಾಚುತ್ತಾರೆ. ಗಿರಾಕಿಗೂ ಕೇಳಿಸಿತು, ವಾದಕ್ಕೆ ಜಾಗ ಇಲ್ಲ. ಯುಪಿಐ ಶುರುವಾಗಿದ್ದು 2016ರಲ್ಲಿ. ಅದು ಸಣ್ಣ ಅಂಗಡಿಗಳಲ್ಲಿ ಇಷ್ಟು ಸಲೀಸಾಗಿ ಹೊಂದಿಕೊಂಡಿದ್ದರಲ್ಲಿ ಈ ದನಿಯ ಪಾಲೂ ಇದೆ ಅಂತ ನಮ್ಮ ಅಭಿಪ್ರಾಯ.

ಎಷ್ಟು ಬೇಗ ತಿಳಿಸಬೇಕು ಅನ್ನುವುದಕ್ಕೆ ಹಳೆಯ ಮೂರು ಗಡುವುಗಳಿವೆ. 0.1 ಸೆಕೆಂಡಿನ ಒಳಗಾದರೆ ಒತ್ತಿದ ತಕ್ಷಣ ಆಯಿತು ಅನಿಸುತ್ತದೆ. 1 ಸೆಕೆಂಡ್ ತನಕ ಯೋಚನೆಯ ಓಟ ತಪ್ಪುವುದಿಲ್ಲ. 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇರುವಾಗ ಹತ್ತು ಸೆಕೆಂಡ್ ಸುಮ್ನೆ ಕಳೆದುಹೋಗುತ್ತದೆ. ಆದ್ದರಿಂದ ಹಣ ಕಟ್ಟುವ ಬಟನ್ ಒತ್ತಿದ ಕೂಡಲೇ ಅದರ ರೂಪ ಬದಲಾಗಬೇಕು, ಎರಡನೇ ಸಲ ಒತ್ತಿದರೆ ಕೆಲಸ ಮಾಡಬಾರದು. ಇಲ್ಲದಿದ್ದರೆ ಒಂದು ಸೀರೆಗೆ ಎರಡು ಸಲ ಹಣ ಹೋಗುತ್ತದೆ.

ಫಾರ್ಮ್ ಅರ್ಧಕ್ಕೆ ಬಿಟ್ಟು ಹೋಗುತ್ತಾರೆ. ಏನು ಮಾಡೋಣ?

ಮೊದಲು ಬೇಡದ್ದನ್ನು ಕಿತ್ತುಹಾಕಿ. ಸೀರೆ ಕಳಿಸಲು ಹುಟ್ಟಿದ ದಿನಾಂಕ ಯಾಕೆ?

ಉಳಿದಿದ್ದರಲ್ಲಿ ವಿಳಾಸವೇ ದೊಡ್ಡ ತಲೆನೋವು. ‘ಮನೆ ಸಂಖ್ಯೆ, ರಸ್ತೆ, ಬಡಾವಣೆ’ ಎಲ್ಲ ಕಡ್ಡಾಯ ಅಂತ ಮಾಡಿದ ಫಾರ್ಮ್ ಬಾಗಲಕೋಟೆಯ ನವನಗರದಲ್ಲಿ ನಡೆಯುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗಾಗಿ ಯೋಜನೆ ಹಾಕಿ ಕಟ್ಟಿದ ಊರದು, ಅಲ್ಲಿ ಸೆಕ್ಟರ್ ನಂಬರ್ ಇದೆ. ಹಳ್ಳಿಯಲ್ಲಿ ವಿಳಾಸ ಅಂದರೆ ‘ಹನುಮಪ್ಪನ ಗುಡಿ ಹಿಂದ, ಪಾಟೀಲರ ಓಣಿ’. ರಸ್ತೆಯ ಹೆಸರು ಕಡ್ಡಾಯ ಮಾಡಿದರೆ ಜನ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ, ಕೊರಿಯರ್ ಹುಡುಗ ಊರೆಲ್ಲ ಸುತ್ತುತ್ತಾನೆ. ಒಂದೇ ದೊಡ್ಡ ಜಾಗ ಕೊಡಿ, ‘ಹತ್ತಿರದ ಗುರುತು’ ಅಂತ ಇನ್ನೊಂದು. ಪಿನ್ ಕೋಡ್ ಮೊದಲು ಕೇಳಿದರೆ ಜಿಲ್ಲೆ, ರಾಜ್ಯ ತಾನಾಗಿ ತುಂಬಿಸಬಹುದು. ಪಿನ್ ಕೋಡ್, ಮೊಬೈಲ್, ಒಟಿಪಿಗೆ ಅಂಕಿಯ ಕೀಬೋರ್ಡ್ ತೆರೆದುಕೊಳ್ಳಬೇಕು.

ಹೆಸರಿಗೂ ಒಂದೇ ಜಾಗ ಸಾಕು. ನಮ್ಮಲ್ಲಿ ಅಡ್ಡಹೆಸರು ಇರುತ್ತದೆ: ಬಡಿಗೇರ, ಕುಲಕರ್ಣಿ, ಮುಲ್ಲಾ. ಮೈಸೂರು ಕಡೆಯ ಎಷ್ಟೋ ಜನಕ್ಕೆ ಇರುವುದು ಇನಿಷಿಯಲ್. ‘ಕೊನೆಯ ಹೆಸರು ಕನಿಷ್ಠ ಮೂರು ಅಕ್ಷರ’ ಅಂದರೆ ಅವರು ಎಲ್ಲಿಗೆ ಹೋಗಬೇಕು?

ತಪ್ಪಾದಾಗ ತೋರಿಸುವ ಸಂದೇಶ ಮೂರು ವಿಷಯ ಹೇಳಬೇಕು: ಎಲ್ಲಿ, ಏನು, ಈಗ ಏನು ಮಾಡಬೇಕು. ‘ಅಮಾನ್ಯ ನಮೂದು’ ಅಂದರೆ ಯಾರಿಗೂ ಏನೂ ತಿಳಿಯಲ್ಲ. ‘ಪಿನ್ ಕೋಡ್‌ನಲ್ಲಿ 6 ಅಂಕಿ ಇರಬೇಕು, ನೀವು 5 ಹಾಕಿದ್ದೀರಿ’ ಅನ್ನಿ. ತುಂಬಿದ್ದನ್ನು ಅಳಿಸಿಬಿಡಬೇಡಿ. ಎಲ್ಲಕ್ಕಿಂತ ಮೇಲು, ತಪ್ಪು ಆಗದ ಹಾಗೆ ಮೊದಲೇ ನೋಡಿಕೊಳ್ಳುವುದು. ಯುಪಿಐನಲ್ಲಿ ಹಣ ಕಳಿಸುವ ಮುಂಚೆ ಪಡೆಯುವವರ ಹೆಸರು ಕಾಣುತ್ತದಲ್ಲ, ಅದು ಅಂಥ ಏರ್ಪಾಡು.

ಬಟನ್ ಎಷ್ಟು ದೊಡ್ಡದಿರಬೇಕು?

ಆಂಡ್ರಾಯ್ಡ್ ಹೇಳುವುದು 48 ಡಿಪಿ, ಆ್ಯಪಲ್ ಹೇಳುವುದು 44 ಪಾಯಿಂಟ್. ಡಿಪಿ, ಪಾಯಿಂಟ್ ಎರಡೂ ಸ್ಕ್ರೀನ್ ಮೇಲಿನ ಗಾತ್ರದ ಅಳತೆಗಳು. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 (ವೆಬ್ ಎಲ್ಲರಿಗೂ ಎಟುಕಲಿ ಅಂತ ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮದಲ್ಲಿ ಕನಿಷ್ಠ 24 ಪಿಕ್ಸೆಲ್, ಅದು ತೀರಾ ಕೆಳಗಿನ ಮಿತಿ. ಇದರ ಹಿಂದಿನ ಸೂತ್ರ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಕೊಟ್ಟಿದ್ದು: ಗುರಿ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಬೇಗ ಮುಟ್ಟಬಹುದು. ‘ಅಳಿಸಿ’ ಮತ್ತು ‘ಉಳಿಸಿ’ ಒಂದರ ಪಕ್ಕ ಒಂದು ಅಂಟಿಕೊಂಡಿರಬಾರದು.

ಕನ್ನಡದಲ್ಲಿ ಮಾಡುವಾಗ ಏನು ನೋಡಿಕೊಳ್ಳಬೇಕು? ಇಂಗ್ಲಿಷ್ ತೆಗೆದು ಕನ್ನಡ ಹಾಕಿದರೆ ಆಯಿತಲ್ಲ?

ಇಲ್ಲೇ ಎಲ್ಲರೂ ಎಡವುವುದು. ಕನ್ನಡಕ್ಕೆ ಕೆಳಗೆ ಒತ್ತು ಇದೆ, ಮೇಲೆ ಗುಣಿತದ ಚಿಹ್ನೆ ಇದೆ. ‘ಸ್ತ್ರೀ’ ಅಂತ ಬರೆದು ನೋಡಿ. ಇಂಗ್ಲಿಷಿಗೆ ಅಂತ ಅಳೆದ ಬಟನ್‌ನಲ್ಲಿ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ, ಅಕ್ಷರವೂ ಒಂದು ಸುತ್ತು ದೊಡ್ಡದಿರಲಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ. ಇಂಗ್ಲಿಷ್‌ನಲ್ಲಿ ದೊಡ್ಡಕ್ಷರದಿಂದ ಎದ್ದು ಕಾಣುತ್ತಿದ್ದ ಶೀರ್ಷಿಕೆ ಕನ್ನಡದಲ್ಲಿ ಸಪ್ಪೆಯಾಗುತ್ತದೆ. ಅದಕ್ಕೆ ದಪ್ಪ ಅಕ್ಷರವನ್ನೋ ಜಾಗವನ್ನೋ ಬಳಸಿ.

ಅಕ್ಷರ ಎಣಿಸುವಾಗ ಹುಷಾರು. ‘ಬೆಳಗಾವಿ’ ಅನ್ನುವುದು ಕಣ್ಣಿಗೆ ನಾಲ್ಕು ಅಕ್ಷರ, ಯುನಿಕೋಡ್ (ಕಂಪ್ಯೂಟರ್ ಅಕ್ಷರ ಗುರುತಿಸುವ ಪದ್ಧತಿ) ಲೆಕ್ಕದಲ್ಲಿ ಏಳು, ಅಲ್ಲಿ ಗುಣಿತದ ಚಿಹ್ನೆಯೂ ಬೇರೆ ಲೆಕ್ಕ. ‘ಹತ್ತು ಅಕ್ಷರದ ಒಳಗೆ’ ಅಂತ ಮಿತಿ ಹಾಕಿದರೆ ಜನ ಐದಾರು ಅಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಪ್ರೊಫೈಲ್ ಫೋಟೋ ಇಲ್ಲದಾಗ ಗೋಲದೊಳಗೆ ಹೆಸರಿನ ಮೊದಲಕ್ಷರ ತೋರಿಸುತ್ತೀರಲ್ಲ, ಅಲ್ಲಿ ಶ್ರೀದೇವಿಯವರಿಗೆ ಬರೀ ‘ಶ’ ಬಂದು ಕೂತಿರುತ್ತದೆ.

ಹಳೆಯ ಕಡತಗಳಿಂದ ಮಾಹಿತಿ ತರುವಾಗ ಅದು ಯುನಿಕೋಡ್‌ನಲ್ಲಿದೆಯೇ ನೋಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಗೀಚಿದ ಹಾಗೆ ಕಾಣುತ್ತದೆ, ಸರ್ಚ್‌ಗೂ ಸಿಗುವುದಿಲ್ಲ. ಬೆಲೆ, ಫೋನ್ ನಂಬರ್, ಒಟಿಪಿಯನ್ನು 1, 2, 3 ಅಂತಲೇ ಬರೆಯಿರಿ. ಕನ್ನಡ ಅಂಕಿ ನಮಗೂ ಇಷ್ಟ, ಆದರೆ ಅವಸರದಲ್ಲಿ ಓದುವುದಕ್ಕೆ ಅಲ್ಲ.

ಮಾತಿನ ಆಯ್ಕೆಯೂ ಅಷ್ಟೇ ಮುಖ್ಯ. ‘ಲಾಗಿನ್’ ಅಂದರೆ ಎಲ್ಲರಿಗೂ ಗೊತ್ತು, ಅದಕ್ಕೆ ಹೊಸ ಪದ ಕಟ್ಟಲು ಹೋಗಬೇಡಿ. ರೈತರ ಆ್ಯಪ್‌ನಲ್ಲಿ ಪಹಣಿ ಅಂತ ಬರೆದರೆ ನಮ್ಮ ಕಡೆ ‘ಉತಾರ’ ಅಂತಲೂ ಪಕ್ಕದಲ್ಲಿ ಇರಲಿ. ಭಾಷೆ ಬದಲಿಸುವ ಗುಂಡಿ ಮೊದಲ ಸ್ಕ್ರೀನ್‌ನಲ್ಲೇ ಕಾಣಬೇಕು, ಒಂದೊಂದು ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಬೇಕು. ಬೆಳಗಾವಿಯಲ್ಲಿ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಓದುವವರು ಇರುತ್ತಾರೆ. ಭಾಷೆಯ ಗುರುತಿಗೆ ಬಾವುಟ ಹಾಕಬೇಡಿ. ಅದರಿಂದಾಗುವ ಜಗಳ ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಆ್ಯಕ್ಸೆಸಿಬಿಲಿಟಿ ಅಂದರೆ ಅಂಗವಿಕಲರಿಗೆ ಮಾತ್ರಾನಾ?

ಆ್ಯಕ್ಸೆಸಿಬಿಲಿಟಿ ಅಂದರೆ ಯಾರು ಬೇಕಾದರೂ ಬಳಸಲು ಆಗುವ ಹಾಗೆ ಮಾಡುವುದು. ಅವರಿಗೆ ಮೊದಲು, ಎಲ್ಲರಿಗೂ ಆಮೇಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಡಿಜಿಟಲ್ ಸೇವೆಗಳಿಗೂ ಅನ್ವಯ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಅಂತ ಹೇಳಿತು.

ಕೆಲಸದ ಮಟ್ಟದಲ್ಲಿ ಇದು ಹೀಗೆ: ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಬರೀ ಬಣ್ಣದಿಂದ ಅರ್ಥ ಹೇಳಬಾರದು. ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್ ಮೇಲಿನದ್ದನ್ನು ಓದಿ ಹೇಳುವ ಸೌಲಭ್ಯ) ಹಾಕಿಕೊಂಡು, ಕಣ್ಣುಮುಚ್ಚಿ ನಿಮ್ಮ ಆ್ಯಪ್ ಬಳಸಿ ನೋಡಿ. ‘ಬಟನ್, ಬಟನ್, ಬಟನ್’ ಅಂತ ಮಾತ್ರ ಓದಿದರೆ ಹೆಸರಿಡುವ ಕೆಲಸ ಬಾಕಿ ಇದೆ ಅಂತ ಅರ್ಥ. ತಿಳಿ ಬೂದು ಅಕ್ಷರ ಎಸಿ ರೂಮಿನಲ್ಲಿ ಸೊಗಸು. ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಲ್ಲಿ ದ್ರಾಕ್ಷಿ ತೋಟದಲ್ಲಿ ನಿಂತವರಿಗೆ ಅದು ಖಾಲಿ ಹಾಳೆ.

ಡಾರ್ಕ್ ಪ್ಯಾಟರ್ನ್ ಅಂದರೇನು?

ಜನರನ್ನು ಬೇಕಂತಲೇ ದಾರಿ ತಪ್ಪಿಸುವ ಡಿಸೈನ್. ಈ ಹೆಸರನ್ನು 2010ರಲ್ಲಿ ಯುಎಕ್ಸ್ ತಜ್ಞ ಹ್ಯಾರಿ ಬ್ರಿಗ್ನಲ್ ಕೊಟ್ಟರು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ 13 ಬಗೆಯನ್ನು ಪಟ್ಟಿ ಮಾಡಿತು. ‘ಇನ್ನು 2 ಸೀರೆ ಮಾತ್ರ ಉಳಿದಿವೆ’ ಅನ್ನುವ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವ ದೇಣಿಗೆ, ಕೊನೆಯಲ್ಲಿ ಏರುವ ಬೆಲೆ, ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಅಂತ ನಾಚಿಸುವ ಬಟನ್, ಸೇರಲು ಒಂದು ಕ್ಲಿಕ್ಕು ಬಿಡಲು ಹತ್ತು ಅನ್ನುವ ಚಂದಾ ಬಲೆ, ಇವೆಲ್ಲ ಅದರಲ್ಲಿವೆ. ಮಾಲೀಕರು ‘ಎಲ್ಲರೂ ಮಾಡ್ತಾರಲ್ರಿ’ ಅಂದರೆ ಈ ಪಟ್ಟಿ ಮುಂದಿಡಿ.

ಫಿಗ್ಮಾ ಕಲಿತರೆ ಕೆಲಸ ಸಿಗುತ್ತಾ?

ಫಿಗ್ಮಾ ಅಂದರೆ ಸ್ಕ್ರೀನ್ ಡಿಸೈನ್ ಮಾಡುವ ತಂತ್ರಾಂಶ, ಕೆಲವು ವಾರದಲ್ಲಿ ಬರುತ್ತದೆ. ಸಂದರ್ಶನದಲ್ಲಿ ಕೇಳುವುದು ‘ಯಾಕೆ ಹೀಗೆ ಮಾಡಿದಿರಿ’ ಅಂತ. ದೊಡ್ಡ ಆ್ಯಪ್‌ಗಳ ಮರುಡಿಸೈನ್ ಪೋರ್ಟ್‌ಫೋಲಿಯೋದಲ್ಲಿ (ಮಾಡಿದ ಕೆಲಸಗಳ ಸಂಗ್ರಹದಲ್ಲಿ) ಎಲ್ಲರ ಹತ್ತಿರವೂ ಇರುತ್ತದೆ. ಅದರ ಬದಲು ನಿಮ್ಮೂರಿನ ಒಂದು ಕಷ್ಟ ತಗೊಳ್ಳಿ. ಕಬ್ಬು ಕಳಿಸಿದ ರೈತರಿಗೆ ತೂಕ, ಬಿಲ್ಲಿನ ವಿವರ ಹೇಗೆ ತಿಳಿಯುತ್ತದೆ, ಎಲ್ಲಿ ಗೊಂದಲ ಆಗುತ್ತದೆ ಅಂತ ನಾಲ್ಕು ಜನರ ಜೊತೆ ಕೂತು ನೋಡಿ. ಮೊದಲ ಚಿತ್ರ, ಅದು ಯಾಕೆ ನಡೆಯಲಿಲ್ಲ, ಆಮೇಲೆ ಏನು ಬದಲಾಯಿತು ಅಂತ ಬರೆದಿಡಿ. ಡಿಗ್ರಿ ಯಾವುದು ಅನ್ನುವುದು ಆಮೇಲಿನ ಮಾತು.

ಇಷ್ಟೆಲ್ಲ ಖರ್ಚು ಮಾಡಿದರೆ ಅಂಗಡಿಗೆ ಲಾಭ ಆಯಿತೋ ಇಲ್ಲವೋ, ಹೇಗೆ ಗೊತ್ತಾಗುತ್ತದೆ?

ಬಳಕೆ ಎಷ್ಟು ಸಲೀಸು ಅಂತ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 9241-11ರಲ್ಲಿ ಮೂರು ಅಳತೆ ಇದೆ: ಅಂದುಕೊಂಡ ಕೆಲಸ ಮುಗಿಯಿತಾ, ಎಷ್ಟು ಶ್ರಮ ಹಿಡಿಯಿತು, ಸಮಾಧಾನ ಆಯಿತಾ. ಸಣ್ಣ ಅಂಗಡಿಗೆ ಇನ್ನೂ ಸುಲಭದ ಲೆಕ್ಕ ಇದೆ. ಗಿರಾಕಿಗಳು ಫೋನ್ ಮಾಡಿ ಏನು ಕೇಳುತ್ತಾರೆ? “ಸೀರಿ ಎಲ್ಲಿಗೆ ಬಂದೈತ್ರಿ?”, “ರೊಕ್ಕ ಹೋಗೈತಿ, ಆರ್ಡರ್ ಆಗೈತೋ ಇಲ್ಲೋ?” ಇಂಥ ಒಂದೊಂದು ಕರೆಯೂ ವೆಬ್‌ಸೈಟ್ ಹೇಳದೇ ಬಿಟ್ಟ ಒಂದು ಸಂಗತಿ. ಏನನ್ನಾದರೂ ಬದಲಿಸುವ ಮುಂಚೆ ಒಂದು ವಾರ ಈ ಕರೆಗಳನ್ನು ಗಲ್ಲಾದ ಪಕ್ಕದ ವಹಿಯಲ್ಲಿ ಬರೆದಿಡಿ. ಬದಲಿಸಿದ ಮೇಲೆ ಇನ್ನೊಂದು ವಾರ ಬರೆಯಿರಿ. ಹಬ್ಬ, ಲಗ್ನದ ಸೀಸನ್ ನಡುವೆ ಮಾತ್ರ ಈ ಲೆಕ್ಕ ಹಿಡಿಯಬೇಡಿ, ಆಗ ಕರೆಗಳು ಹೇಗೂ ಜಾಸ್ತಿ.